ಬೆಲ್ಲ ಕಲಸಿದ ಗಿಣ್ಣು

“ಏ ದುಗ್ಗಿ, ಮೂಗು ಯಾಕ ಮುರೀತಿ? ನಿಮ್ ಕೇರಿ ಮಂದಿಗೆ ಇದೇ ಹೆಚ್ಚು. ಸುಮ್ನೆ ತಗೊಂಡು ಹೋಗು!”

ಕಸ್ತೂರಮ್ಮ ಫ್ರಿಜ್ಜಿನಿಂದ ಡಬ್ಬಿ ತೆಗೆದು ಹಿತ್ತಲ ಕಟ್ಟೆಯ ಮೇಲೆ ಕುಕ್ಕಿದರು. ಕೆಲಸದವಳ ಕೈಗೆ ಕೊಡುವ ಪದ್ಧತಿ ಆ ಮನೆಯಲ್ಲಿಲ್ಲ. ಮಾಯಕೊಂಡದ ತೋಟದಿಂದ ಬಂದ ಗಿಣ್ಣು. ಬಂದು ನಾಲ್ಕು ದಿನವಾಗಿತ್ತು, ನಡುವೆ ಒಂದು ಇಡೀ ಹಗಲು ಕರೆಂಟೂ ಇರಲಿಲ್ಲ.

ದಾವಣಗೆರೆಯ ಆ ಮನೆಯ ಮಗಳು ವಾಣಿಗೆ ಏಳು ತಿಂಗಳು. ಬಸುರಿ ಏನೇನು ತಿನ್ನಬಾರದು ಎಂಬ ಚೀಟಿ ಫ್ರಿಜ್ಜಿನ ಬಾಗಿಲಿಗೇ ಅಂಟಿತ್ತು. ಹಳಸಿದ್ದು ಬೇಡ, ಕಾಯಿಸದ ಹಾಲು ಬೇಡ, ಹೆಚ್ಚಿಟ್ಟ ಹಣ್ಣು ಬೇಡ. ಕಸ್ತೂರಮ್ಮ ದಿನವೂ ಅದನ್ನು ಗಟ್ಟಿಯಾಗಿ ಓದುವರು, ಮಗಳಿಗೆ ಬೇಡವಾದದ್ದನ್ನೆಲ್ಲ ಹಿತ್ತಲಿಗೆ ಸಾಗಿಸುವರು. ಎಂಥಾ ಧರ್ಮಿಷ್ಠರು ನೋಡಿ, ಏನನ್ನೂ ದಂಡ ಮಾಡುವವರಲ್ಲ. ಅಕ್ಷರ ಬಾರದ ದುಗ್ಗವ್ವನಿಗೂ ಆ ಚೀಟಿ ಬಾಯಿಪಾಠವಾಗಿತ್ತು.

ಹರಿಹರದ ಮನೆಯಲ್ಲಿದ್ದ ಅವಳ ಸೊಸೆ ಅಂಕಿತಾಳಿಗೂ ಏಳೇ ತಿಂಗಳು. ಗಿಣ್ಣು ತಿನ್ನಬೇಕೆಂದು ಅವಳು ಬಾಯಿಬಿಟ್ಟು ಕೇಳಿ ಹದಿನೈದು ದಿನವಾಗಿತ್ತು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ದುಗ್ಗವ್ವ ನಂಬಿದ್ದಳು.

ಬಸ್ಸಿನಲ್ಲಿ ಮುಚ್ಚಳ ತೆಗೆದು ಮೂಸಿದಳು. ಹುಳಿ ವಾಸನೆ ಮೂಗಿಗೆ ಬಡಿಯಿತು. ಕಿಟಕಿಯಾಚೆ ಚೆಲ್ಲಬಹುದಿತ್ತು, ಚೆಲ್ಲಲಿಲ್ಲ. ಮನೆಗೆ ಬಂದು ಬೆಲ್ಲ ಜಜ್ಜಿ, ಏಲಕ್ಕಿ ಕುಟ್ಟಿ ಹಾಕಿ, ಹುಳಿ ಗೊತ್ತಾಗದಂತೆ ಕಲಸಿದಳು.

ಅಂಕಿತಾ ತಟ್ಟೆ ನೆಕ್ಕುತ್ತ, “ನೀನೂ ಒಂದೀಟು ತಿನ್ನು ಅತ್ತೆ,” ಎಂದಳು.

“ನಂಗ್ ಬ್ಯಾಡವ್ವ, ಹೊಟ್ಟೆ ತುಂಬೈತೆ.”

ಮರುದಿನ ವಾಂತಿ, ಭೇದಿ. ಮೂರನೆಯ ದಿನ ಮೈ ಸುಡುವ ಜ್ವರ. ಆಸ್ಪತ್ರೆಯಲ್ಲಿ ನರ್ಸು ಹಾಸಿಗೆ ಬದಲಿಸುತ್ತ ಬೈದಳು. “ಕಂಡಿದ್ದೆಲ್ಲ ಮುಕ್ಕೋದು, ಆಮ್ಯಾಲೆ ಇಲ್ಲಿ ಬಂದು ಬಾಯಿ ಬಡ್ಕೊಳ್ಳೋದು. ಥೂ, ಎಂಥಾ ಜನ!”

ಡಾಕ್ಟರಮ್ಮ ಹೊಟ್ಟೆಯ ಮೇಲಿನಿಂದ ಕೈ ತೆಗೆಯದೆ ಕೇಳಿದಳು. “ಮಗುವಿನ ಎದೆಬಡಿತ ಇಳೀತಿದೆ. ಸರಿಯಾಗಿ ಹೇಳಮ್ಮ, ಏನು ತಿಂದಿದ್ಲು? ಗೊತ್ತಾದ್ರೆ ಔಷಧಿ ಬದಲಿಸ್ತೀನಿ.”

“ರೊಟ್ಟಿ, ಪಲ್ಯ ರೀ. ಬ್ಯಾರೆ ಏನೂ ಇಲ್ರಿ.”

ಅಷ್ಟರಲ್ಲಿ ಫೋನು ಬಂತು, ದುಗ್ಗವ್ವ ಹೊರಗೆ ಹೋದಳು. ಸೊಸೆ ಆಸ್ಪತ್ರೆಯಲ್ಲಿದ್ದಾಳೆ, ಕೆಲಸಕ್ಕೆ ಬರಲಾಗದೆಂದು ಹೇಳಿಕಳಿಸಿದ್ದಳಲ್ಲ, ಕಸ್ತೂರಮ್ಮನಿಗೆ ವಾಸನೆ ಹತ್ತಿತ್ತು. “ಗಿಣ್ಣಿನ ಮಾತು ಎತ್ತೀಯ ಜ್ವಾಕಿ, ರಂಡೆ! ನಾಳೆ ವಾಣಿ ಸೀಮಂತ, ಕುಬುಸ ಮಾಡೋದೈತೆ, ಊರ ಮಂದಿ ಬರ್ತಾರೆ. ನಿನ್ ಮಗ ಸಿದ್ದೇಶನ್ನ ಗುತ್ತೂರು ಫ್ಯಾಕ್ಟ್ರಿಗೆ ಹಚ್ಚಿದ್ದು ನಮ್ಮೋರು. ತೆಗಿಸೋದೂ ಗೊತ್ತೈತೆ.”

ದುಗ್ಗವ್ವ ಫೋನು ಸೆರಗಿಗೆ ಒತ್ತಿಕೊಂಡು ಒಳಗೆ ಬಂದಳು. ಅಂಕಿತಾ ಕಣ್ಣು ಬಿಟ್ಟು ಅತ್ತೆಯ ಕೈ ಹಿಡಿದಳು.

“ಅತ್ತೆ, ನಂದೇ ತಪ್ಪು. ನಾನು ಗಿಣ್ಣಿಗೆ ಆಸೆ ಪಡಬಾರದಿತ್ತು.”

ಪಾಪ ಮಾಡಿದವಳು ತಾನು, ತಪ್ಪು ಒಪ್ಪಿಕೊಳ್ಳುತ್ತಿರುವವಳು ಇವಳು. ಬಾಗಿಲು ದಾಟುತ್ತಿದ್ದ ಡಾಕ್ಟರಮ್ಮನನ್ನು ಇಡೀ ವಾರ್ಡು ತಿರುಗಿ ನೋಡುವಂತೆ ದುಗ್ಗವ್ವ ಕೂಗಿ ನಿಲ್ಲಿಸಿದಳು.

“ಅವ್ವಾರ, ಸುಳ್ಳು ಹೇಳಿದೆ! ಹಳಸಿದ್ ಗಿಣ್ಣು ತಿನ್ಸೀನಿ. ನಾಕ್ ದಿನದ್ದು. ವಾಸ್ನೆ ಬರಬಾರ್ದು ಅಂತ ಬೆಲ್ಲ ಕಲಸಿದೆ. ಗೊತ್ತಿದ್ದೇ ಕಲಸಿದೆ. ನಾನು ಒಂದ್ ತುತ್ತೂ ತಿನ್ಲಿಲ್ಲ.”

“ಎಲ್ಲಿಂದ ತಂದಿದ್ಯೇ?” ನರ್ಸು ಚೀರಿದಳು.

“ದಾವಣಗೆರೆ ಕಸ್ತೂರಮ್ಮನ ಮನಿಂದ. ಅವ್ರ ಮಗ್ಳಿಗೆ ಬ್ಯಾಡಾಗಿತ್ತು, ಅದ್ಕೆ ಕೊಟ್ರು. ಬರ್ಕಳ್ರಿ. ಆ ಮನಿ ಹೆಸ್ರು ಮೊದ್ಲು ಬರ್ಕಳ್ರಿ, ಕೆಳಗ ನಂದು ಬರ್ಕಳ್ರಿ.”

ಡಾಕ್ಟರಮ್ಮ ಇಂಜೆಕ್ಷನ್ ತರಲು ಓಡಿದಳು. ಅಂಕಿತಾ ಅತ್ತೆಯ ಕೈ ಬಿಟ್ಟು, ಎರಡೂ ಕೈಯಲ್ಲಿ ಹೊಟ್ಟೆ ತಬ್ಬಿಕೊಂಡು, ಗೋಡೆಯ ಕಡೆ ಹೊರಳಿದಳು.