ಮೂವತ್ತು ಸೆಕೆಂಡಿನ ಕರೆಂಟು

ನಾನು ಒಂದು ಕರೆಂಟಿನ ಪೆಟ್ಟಿಗೆ. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ. ನನ್ನಿಂದ ಮಿಕ್ಸಿ ತಿರುಗುವುದಿಲ್ಲ, ಬಲ್ಬು ಹೊತ್ತುವುದಿಲ್ಲ. ಲಕ್ವ ಹೊಡೆದವರ ತಲೆಗೆ ಎರಡು ಒದ್ದೆ ಸ್ಪಂಜು ಕಟ್ಟಿ, ಅದರ ಮೂಲಕ ಸಣ್ಣಗೆ ಕರೆಂಟು ಹರಿಸಿ, ಮಂಕಾದ ಮಿದುಳಿಗೆ ಚೇತರಿಸಿಕೊಳ್ಳಲು ನೆರವಾಗುವುದು ನನ್ನ ಕಸುಬು. ದಿನಕ್ಕೆ ಇಪ್ಪತ್ತೇ ನಿಮಿಷ. ಶಾಕ್ ಹೊಡೆಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲಪ್ಪ, ಇರುವೆ ಹರಿದ ಹಾಗೆ ಚುರುಗುಟ್ಟುತ್ತದೆ, ಅಷ್ಟೇ.

ನಾನು ಹುಟ್ಟಿದ್ದು ಪೀಣ್ಯದ ಒಂದು ಶೆಡ್ಡಿನಲ್ಲಿ. ನನ್ನ ತಂತಿಗಳಿಗೆ ಬೆಸುಗೆ ಹಾಕಿದ ಹೆಂಗಸು ಮುಚ್ಚಳ ಬಿಗಿಯುವ ಮುಂಚೆ, "ಯಾರ್ ಯಾರ ತಲೆ ಮೇಲೆ ಕೂರ್ತೀಯೋ ಏನೋ, ಜೋಪಾನ" ಎಂದಳು. ಅದೊಂದು ಮಾತನ್ನು ಕಟ್ಟಿಕೊಂಡು ಮೈಸೂರಿನ ಆಸ್ಪತ್ರೆಯೊಂದಕ್ಕೆ ಬಂದೆ.

ಬಂದ ಮೇಲೆ ತಿಳಿಯಿತು, ನನಗೆ ಎರಡು ಥರದ ಕೆಲಸ. ಆಗ ಅಲ್ಲೊಂದು ಪರೀಕ್ಷೆ ನಡೆಯುತ್ತಿತ್ತು. ಕರೆಂಟಿನಿಂದ ನಿಜವಾಗಿ ಉಪಯೋಗ ಉಂಟೇ ಎಂದು ನೋಡಲು ಅರ್ಧ ಜನರಿಗೆ ಪೂರ್ತಿ ಕರೆಂಟು, ಉಳಿದರ್ಧಕ್ಕೆ ಬರೀ ಮೂವತ್ತು ಸೆಕೆಂಡು. ಚುರುಗುಟ್ಟಿಸಿ ನಂಬಿಸಿ, ಆಮೇಲೆ ಇಪ್ಪತ್ತು ನಿಮಿಷ ಮುಗಿಯುವ ತನಕ ನಾನು ಸುಮ್ಮನೆ ಕೂರಬೇಕು. ಹೀಗೂ ಆಗಬಹುದೆಂದು ಮೊದಲೇ ಹೇಳಿ ಎಲ್ಲರಿಂದ ಸಹಿ ಹಾಕಿಸಿಕೊಂಡಿದ್ದರು. ಪ್ರತಿಯೊಬ್ಬರಿಗೂ ಒಂದು ನಂಬರು. ಯಾವ ನಂಬರಿಗೆ ಯಾವುದು ಎಂಬುದು ಮುಚ್ಚಿದ ಲಕೋಟೆಯಲ್ಲಿತ್ತು. ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ನನಗೆ ಮಾತ್ರ.

ಮೇ ತಿಂಗಳಲ್ಲಿ ಕೆಂಪರಾಜು ಬಂದರು, ಜೊತೆಯಲ್ಲಿ ಹೆಂಡತಿ ಚೆಲುವಮ್ಮ. ಕೆಂಪರಾಜು ಸ್ವಂತ ಶಾಲಾ ವ್ಯಾನ್ ಓಡಿಸುವವರು. ಲಕ್ವ ಹೊಡೆದು ಮೂರು ತಿಂಗಳಾಗಿತ್ತು. ಕೈಕಾಲಿಗೆ ಶಕ್ತಿ ಮರಳಿತ್ತು, ಕಣ್ಣೂ ಸರಿಯಿತ್ತು. ಆದರೆ ಅವರ ಮಿದುಳು ಎಡಗಡೆಯನ್ನೇ ಕೈಬಿಟ್ಟಿತ್ತು. ಎಡಕ್ಕೆ ನಿಂತು ಕರೆದರೆ ಬಲಕ್ಕೆ ಹುಡುಕುವರು. ಬಾಗಿಲು ದಾಟುವಾಗ ಎಡಭುಜ ಬಡಿದುಕೊಳ್ಳುವರು. ಅಯ್ಯೋ, ತಮಗೆ ಹೀಗಾಗಿದೆ ಎನ್ನುವುದೂ ಅವರಿಗೆ ತಿಳಿಯುತ್ತಿರಲಿಲ್ಲ.

"ಮೇಡಂ, ಜೂನ್ ಒಂದಕ್ಕೆ ಇಸ್ಕೂಲ್ ಶುರು. ಹದ್ನಾಕು ಮಕ್ಳು ನನ್ನ ವ್ಯಾನಲ್ಲೇ ಬರಾದು. ಅಷ್ಟ್ರೊಳಗೆ ಸರಿ ಮಾಡ್ಬುಡಿ" ಎಂದರು.

ನನ್ನನ್ನು ನೋಡಿಕೊಳ್ಳುತ್ತಿದ್ದ ಫಿಲೋಮಿನಾ ಮೇಡಂ ಸ್ಪಂಜು ಕಟ್ಟಿ, ಅಕ್ಷರ ತುಂಬಿದ ಒಂದು ಹಾಳೆ ಕೊಟ್ಟರು. "ಕೆಂಪರಾಜಣ್ಣ, ಇದ್ರಲ್ಲಿರೋ 'ಕ' ಎಲ್ಲಾ ಹೊಡೆದುಹಾಕಿ." ಅವರು ಬಲಗಡೆ ಇದ್ದವನ್ನಷ್ಟೇ ಹೊಡೆದು, ಮುಗೀತು ಎಂದು ಪೆನ್ನು ಇಟ್ಟರು. ಅಷ್ಟರಲ್ಲಿ ಅವರ ನಂಬರನ್ನು ಮೇಡಂ ನನ್ನೊಳಗೆ ಒತ್ತಿದ್ದರು. ಖಾಲಿ ನಂಬರು! ಥೂ, ಇಂಥವರಿಗೇ ಅದು ಬರಬೇಕಿತ್ತೇ?

ಮೂವತ್ತು ಸೆಕೆಂಡು ಚುರುಗುಟ್ಟಿಸಿ ಬಾಯಿ ಮುಚ್ಚಿಕೊಂಡೆ. "ಕೆಲ್ಸ ಮಾಡ್ತಾ ಅದೆ ಮೇಡಂ, ತಲೆ ಒಳಗೆ ಏನೋ ಓಡಾಡ್ದಂಗಾಯ್ತದೆ" ಎಂದು ಅವರು ಹಿಗ್ಗಿದರು. ನನಗೆ ನಾಚಿಕೆಯಾಯಿತು.

ಎರಡನೆಯ ದಿನ ಹೆಂಡತಿಯ ಮೇಲೆ ದೂರು. "ಇವ್ಳು ನಂಗೆ ಉಪ್ಪಿನಕಾಯೇ ಬಡಿಸಾಕಿಲ್ಲ. ಬಿಪಿ ಅಂತ ಬಚ್ಚಿಡ್ತಾಳೆ."

"ದಿನಾ ಬಡಿಸ್ತೀನಿ ಕಣವ್ವ, ಕಣ್ಮುಂದೇನೇ ಇರ್ತದೆ" ಎಂದು ಚೆಲುವಮ್ಮ ಕಣ್ಣೊರೆಸಿಕೊಂಡರು. ಉಪ್ಪು, ಉಪ್ಪಿನಕಾಯಿ ಎಲೆಯ ಎಡತುದಿಗೆ ಬಡಿಸುವುದು ಪದ್ಧತಿ. ತಟ್ಟೆಯಲ್ಲಿ ಬಡಿಸಿದರೂ ಚೆಲುವಮ್ಮನ ಕೈ ಅಲ್ಲಿಗೇ ಹೋಗುತ್ತಿತ್ತು. ಎಡತುದಿ ಕೆಂಪರಾಜು ಅವರ ಪಾಲಿಗೆ ಇರಲೇ ಇಲ್ಲವಲ್ಲ.

ದಿನಗಳು ಉರುಳಿದವು. ಹಾಳೆಯ ಎಡ ಅಂಚಿಗೆ ಒಂದು ಕೆಂಪು ಗೆರೆ ಎಳೆದು, ಬೆರಳನ್ನು ಅಲ್ಲಿಂದಲೇ ಶುರು ಮಾಡಬೇಕೆಂದು ಫಿಲೋಮಿನಾ ಕಲಿಸಿದರು. ಎಂಟನೆಯ ದಿನಕ್ಕೆ ಹಾಳೆ ಹೆಚ್ಚುಕಡಿಮೆ ಸರಿಯಾಯಿತು. "ಮನೇಲಿ ಊಟ ಹೇಗೆ?" ಎಂದು ಕೇಳಿದರು.

"ಎಲ್ಲಾ ಕಾಣ್ತದೆ ಮೇಡಂ. ಉಪ್ಪಿನಕಾಯೂ ತಿಂತಾ ಇವ್ನಿ" ಎಂದರು ಕೆಂಪರಾಜು. ಚೆಲುವಮ್ಮ ನೆಲ ನೋಡುತ್ತಾ ಸೆರಗಿನ ಅಂಚು ತಿರುಚುತ್ತಿದ್ದರು. ಫಿಲೋಮಿನಾ ಸಂತೋಷದಿಂದ 'ಸುಧಾರಣೆ' ಎಂದು ಬರೆದರು. ಏನು ಸುಧಾರಣೆ, ನನ್ನ ತಲೆ! ನಾನು ಕರೆಂಟು ಕೊಟ್ಟಿದ್ದರಲ್ಲವೇ?

ಹತ್ತನೆಯ ದಿನ ಶನಿವಾರ. ಸೋಮವಾರ ಶಾಲೆ. ವ್ಯಾನ್ ಓಡಿಸಬಹುದೆಂಬ ಪತ್ರ ಕೈಗೆ ಕೊಟ್ಟರೆ ಹೋಗುತ್ತೇನೆ ಎಂದು ಕೆಂಪರಾಜು ಕೀಲಿಕೈ ಹಿಡಿದೇ ಕೂತಿದ್ದರು. ಡಾಕ್ಟರು ಹಾಳೆಗಳನ್ನು ತಿರುವಿ ನೋಡಿ ಪೆನ್ನು ತೆಗೆದರು. ನನ್ನ ಜೀವ ಬಾಯಿಗೆ ಬಂತು. ಬಾಯಾದರೂ ಎಲ್ಲಿದೆ ನನಗೆ? ಇರುವುದು ಒಂದು ಬೀಪ್ ಸದ್ದು, ಅದೂ ಸ್ಪಂಜು ಒಣಗಿದರೆ ಮಾತ್ರ. ದೇವರೇ, ಈ ಮನುಷ್ಯ ಸೋಮವಾರ ಗೇರ್ ಹಾಕುತ್ತಾನಲ್ಲ ಎಂದು ಒಳಗೊಳಗೇ ಒದ್ದಾಡಿದೆ.

"ಸೈನ್ ಹಾಕ್ಬೇಡಿ ಸಾ."

ಚೆಲುವಮ್ಮ ಎದ್ದು ನಿಂತಿದ್ದರು. "ತಪ್ಪು ನಂದು. ದಿನಾ ಬೈಸ್ಕಂಡು ಸಾಕಾಗಿ ಉಪ್ಪಿನಕಾಯಿನ ಬಲಗಡೀಕೆ ಇಡ್ತಾ ಇದ್ದೆ. ಇವತ್ತು ಬೆಳಿಗ್ಗೆ ಎಡಗಡೆ ಇಟ್ಟು ನೋಡ್ದೆ. ಕಾಣ್ಲಿಲ್ಲ ಸಾ ಇವ್ರಿಗೆ."

"ನನ್ನ ಅನ್ನಕ್ಕೆ ಕಲ್ಲು ಹಾಕ್ತಿದ್ದೀಯೇನೇ?" ಕೆಂಪರಾಜು ಕುರ್ಚಿ ತಳ್ಳಿ ಎದ್ದರು.

ಫಿಲೋಮಿನಾ ಕೆಂಪು ಗೆರೆಯಿಲ್ಲದ ಬರೀ ಮೇಜಿನ ಮೇಲೆ ಆರು ಚಮಚ ಸಾಲಾಗಿ ಇಟ್ಟರು. "ಎಷ್ಟಿವೆ, ಕೆಂಪರಾಜಣ್ಣ?"

"ಮೂರು. ಅದೇನ್ ಕೇಳೀರಿ?"

ಚೆಲುವಮ್ಮ ಗಂಡನ ಕೈ ಹಿಡಿದು ಚಮಚಗಳ ಮೇಲೆ ಎಡಕ್ಕೆ ಸರಿಸುತ್ತಾ ಹೋದರು. ಬೆರಳಿಗೆ ನಾಲ್ಕನೆಯದು ತಗುಲಿತು. ಐದನೆಯದು. ಆರನೆಯದು. ಕೆಂಪರಾಜು ಅವರ ಮುಖದ ಬಣ್ಣವೇ ಇಳಿದುಹೋಯಿತು.

"ಮಕ್ಳು ಹತ್ತಾದು ಎಡಗಡೆಯಿಂದ" ಎಂದರು. ಕೀಲಿಕೈಯನ್ನು ಹೆಂಡತಿಯ ಕೈಯಲ್ಲಿಟ್ಟು ಮುಖ ಮುಚ್ಚಿಕೊಂಡು ಅತ್ತರು.

ಮಳೆಗಾಲ ಕಳೆದ ಮೇಲೆ ಲಕೋಟೆಗಳನ್ನು ಒಡೆದರು. ಖಾಲಿ ನಂಬರಿನವರಿಗೆಲ್ಲ ಒಪ್ಪಂದದಂತೆ ನಿಜವಾದ ಕರೆಂಟು ಕೊಡುವುದೆಂದಾಯಿತು. "ಅಂಗಾರೆ ಆ ಹತ್ತು ದಿನ ಬರೀ ನಾಟ್ಕವಾ?" ಎಂದು ನನ್ನನ್ನು ದುರುಗುಟ್ಟಿ ನೋಡಿದ ಕೆಂಪರಾಜು, ಆಮೇಲೆ ತಾವಾಗಿಯೇ ತಲೆಯೊಡ್ಡಿದರು. ಈ ಸಲ ಇಪ್ಪತ್ತು ನಿಮಿಷವೂ ಮೈಮುರಿದು ದುಡಿದೆ. ಮನೆಯಲ್ಲಿ ಚೆಲುವಮ್ಮ ಎಲ್ಲವನ್ನೂ ಎಡಗಡೆಗೇ ಬಡಿಸಿ, ಕಾಣುವ ತನಕ ಪಕ್ಕದಲ್ಲೇ ಕೂರುತ್ತಿದ್ದರಂತೆ. ನಿಧಾನವಾಗಿ ಅವರ ಎಡಗಡೆ ಮರಳಿತು, ಪೂರ್ತಿ ಅಲ್ಲ, ಮುಕ್ಕಾಲು. ನನ್ನಿಂದ ಎಷ್ಟು, ಅಭ್ಯಾಸದಿಂದ ಎಷ್ಟು, ಕಾಲದಿಂದ ಎಷ್ಟು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಊದಿಕೊಂಡಿದೆ. ಫಿಲೋಮಿನಾ ನನ್ನನ್ನು ಕಪಾಟಿನ ಕೆಳಗಿನ ಅರೆಯಲ್ಲಿ ಹಳೆಯ ಹಾಳೆಗಳ ಜೊತೆ ಇಟ್ಟಿದ್ದಾರೆ. ಅಲ್ಲಿ ಕೂತು ಎಷ್ಟೋ ಸಲ ಯೋಚಿಸಿದ್ದೇನೆ. ಆ ಶನಿವಾರ ನಿಜ ಗೊತ್ತಿದ್ದವರು ಇಬ್ಬರು, ನಾನು ಮತ್ತು ಚೆಲುವಮ್ಮ. ಹೇಳಿದರೆ ಗಂಡನ ಕೋಪ, ಮನೆಯ ಕಷ್ಟ ಎರಡೂ ತಮ್ಮ ಮೇಲೆಯೇ ಬೀಳುತ್ತವೆ ಎಂದು ತಿಳಿದೂ ಆ ತಾಯಿ ಬಾಯಿ ಬಿಟ್ಟರು.

ಹೋದ ವಾರ ಕೆಂಪರಾಜು ತಪಾಸಣೆಗೆ ಬಂದಿದ್ದರು. ಡ್ರೈವಿಂಗ್ ಪರೀಕ್ಷೆಗೆ ಬರೆದುಕೊಡಲೇ ಎಂದು ಫಿಲೋಮಿನಾ ಕೇಳಿದರು. ಕಪಾಟಿನ ಬಾಗಿಲು ಅರೆತೆರೆದಿತ್ತು, ನನಗೆ ಎಲ್ಲ ಕೇಳಿಸಿತು.

"ಬ್ಯಾಡಿ ಮೇಡಂ. ಓಡ್ಸಕ್ಕೆ ಬ್ಯಾರೆಯೋರನ್ನ ಇಟ್ಟಿವ್ನಿ. ನಾನು ಎಡಬಾಗ್ಲಲ್ಲಿ ನಿಂತ್ಕತೀನಿ. ಒಂದೊಂದ್ ಮಗೀನೂ ಕೈ ಹಿಡ್ದು ಹತ್ತುಸ್ತೀನಿ. ಹದ್ನಾಕೂ ಹತ್ತುದ್ವು ಅಂತ ನಾನು ಕೂಗಿದ್ ಮ್ಯಾಲೇನೇ ಗಾಡಿ ಹೊರಡಾದು."