ಬೆಲ್ಮೀರಳ ಸಹಿ ಬೇಡ

ವಕೀಲೆಯ ಮಾತು ಮುಗಿಯುವ ಹೊತ್ತಿಗೆ ಇವನಿಲ್ದಳ ಮುಖ ಬಾಡಿತ್ತು. ಕಡಲಾಚೆಯ ಫೋಗೊ ದ್ವೀಪದಲ್ಲಿ ಕಾದು ಕೂತಿರುವ ಗಂಡ ಅರ್ಲಿಂದುವನ್ನು ತಾನು ವಲಸೆ ಬಂದಿರುವ ಬ್ರಾಕ್ಟನ್ ಊರಿಗೆ ಕರೆಸಿಕೊಳ್ಳಲು ಅವಳ ಬೇಕರಿ ಸಂಬಳ ಸಾಲದು. ಚೆನ್ನಾಗಿ ಸಂಪಾದಿಸುವ ಇನ್ನೊಬ್ಬರು ಅವಳ ಜೊತೆಗೆ ಜಾಮೀನು ನಿಲ್ಲಬೇಕು.

"ನೆಂಟರೇ ಆಗಬೇಕು ಅಂತಿಲ್ಲ," ಎಂದಳು ವಕೀಲೆ. "ಆದ್ರೆ ಸಹಿ ಹಾಕೋವ್ರಿಗೆ ಮೊದಲೇ ಬಿಡಿಸಿ ಹೇಳಿ. ನಿಮ್ಮ ಗಂಡ ಇಲ್ಲಿನ ಪೌರ ಆಗೋವರೆಗೆ, ಇಲ್ಲಾ ಒಂದು ಹತ್ತು ವರ್ಷ ದುಡಿಯೋವರೆಗೆ ಹೊಣೆ ಅವರ ತಲೆ ಮೇಲಿರತ್ತೆ. ನಾಳೆ ನೀವಿಬ್ರೂ ಬೇರೆ ಆದ್ರೂ ಅದು ತಪ್ಪಲ್ಲ."

ಇವನಿಲ್ದ ಮೊದಲು ಅಣ್ಣನ ಬಳಿಗೆ ಹೋದಳು. ಅವನು ಅತ್ತಿಗೆಯ ಮುಖ ನೋಡಿದ, ಅತ್ತಿಗೆ ಕಿಟಕಿ ನೋಡಿದಳು. ಅಲ್ಲಿಗೆ ಆ ಮಾತು ಮುಗಿಯಿತು. ಸಂಜೆ ಅರ್ಲಿಂದು ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಉಪ್ಪು ಸಾಲ ತರಲು ಪಕ್ಕದ ಮನೆಗೆ ಕಳಿಸುವಷ್ಟು ಸಲೀಸಾಗಿ ಹೇಳಿದ: "ಬೆಲ್ಮೀರನ್ನ ಕೇಳು. ಅವಳು ಇಲ್ಲ ಅನ್ನಲ್ಲ."

"ಅನ್ನಲ್ಲ ಅಂತ ನಿನಗೆ ಹೇಗೆ ಗೊತ್ತು?"

"ಗೊತ್ತು, ಅಷ್ಟೆ. ಒಂದೇ ಬೀದೀಲಿ ಬೆಳೆದವರು ನಾವು."

ಒಂದೇ ಬೀದಿಯಲ್ಲಿ ಬೆಳೆದದ್ದು ಮಾತ್ರವೇ? ಮದುವೆಗೆಂದು ಇವನಿಲ್ದ ಫೋಗೊಗೆ ಹೋದಾಗ ಅತ್ತೆಯ ಮನೆಯ ಗೋಡೆಯ ಮೇಲೆ ಬೆಲ್ಮೀರಳ ಫೋಟೊ ಕಂಡಿದ್ದಳು. ಮನೆಮಂದಿಯ ನಡುವೆ, ಅರ್ಲಿಂದುವಿನ ಭುಜಕ್ಕೆ ಭುಜ ತಾಗಿಸಿ, ಹಲ್ಲು ಬಿಟ್ಟು ನಿಂತ ಹುಡುಗಿ. "ಇವಳೇ ಸೊಸೆ ಆಗ್ತಾಳೆ ಅಂದ್ಕೊಂಡಿದ್ವಿ," ಎಂದು ಅತ್ತೆ ಮುಚ್ಚುಮರೆಯಿಲ್ಲದೆ ಹೇಳಿದ್ದಳು. ಆ ಹುಡುಗಿ ಈಗ ಇದೇ ಬ್ರಾಕ್ಟನ್ನಿನಲ್ಲಿ, ವಯಸ್ಸಾದವರ ಆರೈಕೆಗೆ ಹೆಂಗಸರನ್ನು ಮನೆಮನೆಗೆ ಕಳಿಸುವ ಸಂಸ್ಥೆ ನಡೆಸುತ್ತಿದ್ದಳು. ಗಂಡನನ್ನು ಬಿಟ್ಟಿದ್ದಳು. ಚರ್ಚಿಗೆ ಬಂದರೆ ಅವಳ ಕೋಟಿನ ಮೇಲೆ ಎಲ್ಲರ ಕಣ್ಣು.

ಆದರೂ ಇವನಿಲ್ದ ಹೊರಟಳು. ಬೆಲ್ಮೀರಳ ಕಚೇರಿಯ ಮುಂದೆ ಕಾರು ನಿಲ್ಲಿಸಿದಳು. ಗಾಜಿನಾಚೆ ಬೆಲ್ಮೀರ ಫೋನು ಹಿಡಿದು, ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಗುತ್ತಿದ್ದಳು. ಆಚೆ ಕಡೆ ಇರುವವನು ಅರ್ಲಿಂದುವೇ ಎಂದು ಇವನಿಲ್ದಳಿಗೆ ಅನಿಸಿಬಿಟ್ಟಿತು. ನಾನು ಬಿಟ್ಟರೂ ಇವಳು ಬಿಡುವ ಹಾಗಿಲ್ಲ, ಸರ್ಕಾರವೇ ಇವಳನ್ನು ನನ್ನ ಗಂಡನಿಗೆ ಗಂಟು ಹಾಕುತ್ತದೆ ಎಂದುಕೊಂಡಳು. ಕಾರಿನಿಂದ ಇಳಿಯದೆ ಹಾಗೇ ತಿರುಗಿಸಿಕೊಂಡು ಬಂದಳು.

"ಬೆಲ್ಮೀರ ಆಗಲ್ಲ ಅಂದ್ಲು," ಎಂದಳು ಫೋನಿನಲ್ಲಿ.

"ಅವಳಾ? ಆಗಲ್ಲ ಅಂದ್ಲಾ?" ಎಂದು ಅರ್ಲಿಂದು ಎರಡೆರಡು ಸಲ ಕೇಳಿದ. ಸುಳ್ಳು ಹೇಳಿದ್ದಕ್ಕಿಂತ ಅವನ ಆ ಅಪನಂಬಿಕೆಯೇ ಅವಳನ್ನು ಹೆಚ್ಚು ಸುಟ್ಟಿತು.

ಬೇಕರಿಯಲ್ಲಿ ಅವಳ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ಬ್ರೆಡ್ಡು ಸೀದ ವಾಸನೆಗೆ ಮಾಲೀಕ ತಿಯೋಫಿಲು ಒಳಗೆ ಬಂದ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯೇ ಮನೆಯೆಂದು ಬದುಕಿದ್ದ ಆ ಹಿರಿಯನನ್ನು ಊರೆಲ್ಲ ಮರ್ಯಾದೆಯಿಂದ 'ನ್ಯೋ ತಿಯೋಫಿಲು' ಎನ್ನುತ್ತಿತ್ತು.

"ಏನಮ್ಮಾ, ಗಿರಾಕಿಗಳಿಗೆ ಇದ್ದಿಲು ಮಾರೋಣಾಂತಲಾ?"

ಇವನಿಲ್ದ ಅಳುತ್ತಲೇ ಎಲ್ಲ ಹೇಳಿದಳು, ಬೆಲ್ಮೀರಳ ವಿಷಯವೊಂದನ್ನು ಬಿಟ್ಟು. ಅವನು ಅಂಗೈಯ ಹಿಟ್ಟು ಕೊಡವಿಕೊಂಡ.

"ನಾನು ಹಾಕ್ತೀನಿ ಬಿಡು ಸಹಿ."

"ವಕೀಲೆ ಹೇಳಿದ್ದು ಕೇಳಿಸ್ಕೊಂಡ್ರಾ? ಅವನೇನಾದ್ರೂ ಕೆಲಸ ಇಲ್ದೆ ಸರ್ಕಾರದ ಸಹಾಯ ತಗೊಂಡ್ರೆ ನಿಮ್ಮನ್ನ ಕೇಳ್ತಾರೆ."

"ಕೇಳಲಿ. ಅವನು ಬರೋವರೆಗೂ ನೀನು ಹೀಗೇ ಇದ್ರೆ ನನಗೆ ಅದಕ್ಕಿಂತ ನಷ್ಟ."

ಖುಷಿಯಿಂದ ಫೋನು ಮಾಡಿದರೆ ಅರ್ಲಿಂದುವಿನ ಧ್ವನಿ ಗಡುಸಾಯಿತು.

"ಯಾರವನು? ಹೆಂಡತಿ ಇಲ್ವಾ ಅವನಿಗೆ?"

"ತೀರ್ಕೊಂಡ್ರು."

"ಸ್ವಂತ ಅಣ್ಣ ಒಪ್ಪಲಿಲ್ಲ. ಇವನ್ಯಾಕೆ ಒಪ್ಪಿದ? ಏನು ಕಂಡು ಒಪ್ಪಿದ?"

"ಅರವತ್ತು ದಾಟಿದ ಮನುಷ್ಯ ಕಣೋ!"

"ಅರವತ್ತಕ್ಕೆ ಕಣ್ಣು ಕಾಣಲ್ವಾ?"

ಇವನಿಲ್ದಳಿಗೆ ಮೈಯೆಲ್ಲ ಉರಿಯಿತು. ಆದರೆ ಆ ಉರಿಯ ಒಂದು ಮೂಲೆಯಲ್ಲಿ ಸಣ್ಣದೊಂದು ಸಂತೋಷವೂ ಇತ್ತು. ಅವನಿಗೂ ಹೊಟ್ಟೆ ಉರಿಯುತ್ತದಲ್ಲ!

ಆ ಸಂತೋಷ ಭಾನುವಾರದವರೆಗೆ ಉಳಿಯಿತು. ಚರ್ಚು ಬಿಟ್ಟು ಜನ ಬೇಕರಿಗೆ ಮುಗಿಬಿದ್ದಿದ್ದಾಗ ಬೆಲ್ಮೀರ ಸಾಲು ತಪ್ಪಿಸಿ ನೇರ ಮುಂದೆ ಬಂದಳು.

"ನಾನು ಯಾವತ್ತು ಆಗಲ್ಲ ಅಂದೆ?"

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಇವನಿಲ್ದ ಬ್ರೆಡ್ಡೆತ್ತುವ ಇಕ್ಕಳ ಕೆಳಗಿಟ್ಟಳು.

"ಅರ್ಲಿಂದು ಫೋನ್ ಮಾಡಿದ್ದ. ದುಡ್ಡು ಬಂದ್ಮೇಲೆ ಕಲ್ಲಾಗಿದ್ದೀಯ ಅಂತ ಬೈದ. ಕೇಳದೇ ಇರೋದಕ್ಕೆ ನಾನು ಹೇಗಮ್ಮಾ ಇಲ್ಲ ಅನ್ನಲಿ?"

"ಕೇಳೋಕೆ ಬಂದಿದ್ದೆ," ಎಂದಳು ಇವನಿಲ್ದ. "ನೀವು ನಗ್ತಾ ಇದ್ರಿ. ನನ್ನಿಂದ ಆಗಲಿಲ್ಲ."

ಬೆಲ್ಮೀರ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಸಿಟ್ಟು ಇಳಿದಿರಲಿಲ್ಲ.

"ಕೇಳಿದ್ರೆ ಹಾಕ್ತಿದ್ದೆ," ಎಂದಳು, ಇವನಿಲ್ದಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಆಮೇಲೆ ಪ್ರತಿ ಭಾನುವಾರ ನಿಮ್ಮನೇಲಿ ಊಟಕ್ಕೆ ಕೂತಿರ್ತಿದ್ದೆ, ಅವನು ಹೇಗಿದ್ದಾನೆ ನೋಡೋ ನೆಪ ಹೇಳ್ಕೊಂಡು. ನೀನು ಒಳಗೆ ಬರದೇ ಇದ್ದದ್ದು ಒಳ್ಳೇದೇ ಆಯ್ತು. ಆದ್ರೆ ನನ್ನ ಹೆಸರು ಕೆಡಿಸಿದ್ಯಲ್ಲ, ಅದನ್ನ ಸರಿ ಮಾಡು. ಇವತ್ತೇ." ಒಂದು ಬ್ರೆಡ್ಡು ಕೇಳಿ ತೆಗೆದುಕೊಂಡು, ದುಡ್ಡು ಇಟ್ಟು ಹೋದಳು.

ಇವನಿಲ್ದ ಅಂದೇ ಅರ್ಲಿಂದುವಿಗೆ ನಿಜ ಹೇಳಿದಳು. ಬಯ್ಯುತ್ತಾನೆಂದು ಕಾದಳು.

"ನಾನು ಬರೋದು ತಡವಾದ್ರೂ ಪರವಾಗಿಲ್ಲ, ಅವಳ ಸಹಿ ಮಾತ್ರ ಬೇಡ. ಅಲ್ವಾ?"

"ಹೌದು."

"ನನಗೂ ಆ ಮುದುಕನ ಸಹಿ ಬೇಡ."

"ಹಾಗಿದ್ರೆ ಅಲ್ಲೇ ಇರು."

ಕೊನೆಗೆ ಅವನೇ ಸೋತ. "ಅಲ್ಲೇ ಕೂತು ನಿನ್ನನ್ನ ಅವನ ಜೊತೆ ಬಿಟ್ಟಿರೋಕೆ ನನಗೇನು ಹುಚ್ಚಾ? ಹಾಕಿಸು ಸಹಿ."

ತನ್ನ ದೇಶದ ರಾಜಧಾನಿ ಪ್ರಾಯಾದಲ್ಲಿ ವೀಸಾ ಸಂದರ್ಶನ ಸುಸೂತ್ರವಾಗಿ ಮುಗಿದು, ಮಂಜು ಕರಗುವ ಹೊತ್ತಿಗೆ ಅರ್ಲಿಂದು ಬಂದಿಳಿದ. ಮೊದಲ ಭಾನುವಾರ ಇವನಿಲ್ದ ಮೆಕ್ಕೆಜೋಳ, ಕಾಳು ಹಾಕಿದ ಊರಿನ ಅಡುಗೆ ಕಚೂಪ ಬೇಯಿಸಿ ತಿಯೋಫಿಲುವನ್ನು ಕರೆದಳು. ಬೆಲ್ಮೀರಳನ್ನೂ ಕರೆದಳು, ಕರೆಯದಿದ್ದರೆ ಹೆದರಿದಳು ಎಂದಾಗುತ್ತಿತ್ತು. ಅವಳನ್ನು ಮೇಜಿನ ಆ ತುದಿಗೆ ಕೂರಿಸಿದಳು. ಅರ್ಲಿಂದು ತನ್ನ ಕುರ್ಚಿ ಎಳೆದುಕೊಂಡು ಬಂದು ಹೆಂಡತಿಗೂ ತಿಯೋಫಿಲುವಿಗೂ ನಡುವೆ ಹಾಕಿದ. ತಿಯೋಫಿಲು ಇದ್ಯಾವುದನ್ನೂ ಗಮನಿಸದೆ ಎರಡನೇ ಸಲ ಬಡಿಸಿಕೊಂಡ. ಬೆಲ್ಮೀರ ಎಲ್ಲವನ್ನೂ ಗಮನಿಸಿದಳು. ಊಟ ಮುಗಿದದ್ದೇ ಕೋಟು ಹಾಕಿಕೊಂಡು ಹೊರಟುಬಿಟ್ಟಳು.

ಬಂದವರು ಹೋದ ಮೇಲೆ ಗಂಡ ಹೆಂಡತಿ ಪಾತ್ರೆ ತೊಳೆಯಲು ನಿಂತರು.

"ಆ ಮನುಷ್ಯ ಯಾವತ್ತಾದ್ರೂ ಏನಾದ್ರೂ...?"

"ಇಲ್ಲ. ಯಾವತ್ತೂ ಇಲ್ಲ," ಎಂದಳು ಇವನಿಲ್ದ. "ನೀನು? ಅವಳನ್ನ?"

ಅರ್ಲಿಂದು ನಲ್ಲಿ ನಿಲ್ಲಿಸಿದ. "ಪ್ರೀತಿಸಿದ್ದೆ. ಅವಳು ವಿಮಾನ ಹತ್ತೋವರೆಗೆ. ಆಮೇಲೂ ಒಂದಷ್ಟು ದಿನ."

ಕೈಯಲ್ಲಿದ್ದ ತಟ್ಟೆಯನ್ನು ಗೋಡೆಗೆ ಬೀಸಬೇಕೆನಿಸಿತು ಇವನಿಲ್ದಳಿಗೆ. ಕೇಳಿದವಳು ತಾನೇ. ಸುಳ್ಳು ಹೇಳದೆ ಉತ್ತರ ಕೊಟ್ಟವನು ಅವನು. ಉರಿ ಆರಲಿಲ್ಲ, ಅಷ್ಟು ಬೇಗ ಆರುವಂಥದ್ದೂ ಆಗಿರಲಿಲ್ಲ. ತಟ್ಟೆಯನ್ನು ಅವನ ಕೈಗೆ ತುರುಕಿದಳು.

"ಸರಿಯಾಗಿ ಒರೆಸು," ಎಂದಳು. "ನಾಳೆ ಬೆಳಗ್ಗೆ ಬೇಕರಿಗೆ ನೀನೇ ಬಿಡಬೇಕು ನನ್ನನ್ನ."

"ಬಿಡ್ದೇ ಇರ್ತೀನಾ?" ಎಂದ ಅವನು. "ಒಳಗಿನವರೆಗೂ ಬರ್ತೀನಿ."