ಡೈನಮೊಗೆ ದೃಷ್ಟಿಬೊಟ್ಟು

ಗಂಡನ ಹೆಸರು ಹೇಳಬಾರದಂತೆ. ನಾನು ಹೇಳುತ್ತೇನೆ, ಯಾರೇನು ಮಾಡುತ್ತಾರೆ? ಶೀನಪ್ಪ. ಕಂಪ್ಲಿಯ ಪಾಲಪ್ಪ ಧಣಿಗಳ ಅಕ್ಕಿ ಮಿಲ್ಲಿಗೆ ದೀಪ ಕೊಡುವ ಡೈನಮೊ ನೋಡಿಕೊಳ್ಳುವವರು. ಮೂವತ್ತಾರನೇ ಇಸವಿಯ ಬೇಸಿಗೆಯಲ್ಲಿ ಅದರ ತಂತಿಸುರುಳಿ ಸುಟ್ಟುಹೋಯಿತು.

"ಇನ್ನೊಂದು ಸಲ ಕೆಟ್ರ ಬಳ್ಳಾರಿಯಿಂದ ಬ್ಯಾರೆ ಮನುಷ್ಯಾನ್ನ ಕರಿಸ್ತೀನಿ" ಎಂದು ಧಣಿ ಸಿಡಿದರು.

ಇವರು ಹೊಸ ತಂತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಮೂರು ಸಲ ಬಳಿದರು. "ಈ ಪದರ ಭಾಳ ತೆಳ್ಳಗದ ಭೀಮಾ, ಆದ್ರ ಕರೆಂಟಿಗೆ ಗ್ವಾಡಿ ಇದ್ದಂಗ. ತಂತಿಯಿಂದ ಕಬ್ಬಿಣಕ್ಕ ದಾಟಗೊಡೂದಿಲ್ಲ" ಎಂದು ನನಗೆ ಹೇಳಿದರು.

ಸುರುಳಿ ಹೊಂಬಣ್ಣಕ್ಕೆ ಮಿರಮಿರ ಮಿಂಚುತ್ತಿತ್ತು. ಮಿಲ್ಲಿನ ಹೆಂಗಸರೆಲ್ಲ ಬಂದು, "ಏನ್ ಚೆಂದ ಅದವ್ವಾ!" ಎಂದು ಬಾಯಿ ಬಿಟ್ಟರು. ನರರ ದೃಷ್ಟಿಗೆ ಕರಿಕಲ್ಲೂ ಸೀಳುತ್ತದೆ ಅನ್ನುತ್ತಾರೆ. ಇವರು ಊಟಕ್ಕೆ ಕೂತಾಗ ಹೋಗಿ, ಇನ್ನೂ ಹಸಿಯಿದ್ದ ಅರಗಿನ ಮೇಲೆ, ಸುರುಳಿ ಕಬ್ಬಿಣಕ್ಕೆ ತಾಗುವ ಅಂಚಿಗೆ ಹೆಬ್ಬೆರಳಿನಿಂದ ದಪ್ಪಗೆ ಕಾಡಿಗೆ ಬೊಟ್ಟಿಟ್ಟು ಬಂದೆ.

ಎರಡು ದಿನ ಒಣಗಿದ ಮೇಲೆ ಇವರು ಧಣಿಗಳ ಮುಂದೆ ಮೆಗ್ಗರ್ ಪೆಟ್ಟಿಗೆ ತಂದರು. ಮಿಲ್ಲಿನ ಮಂದಿಯೊಂದಿಗೆ ನಾನೂ ನಿಂತು ನೋಡುತ್ತಿದ್ದೆ. ಅದರ ಹಿಡಿ ತಿರುಗಿಸಿದರೆ ಕರೆಂಟು ಎಲ್ಲಾದರೂ ಸೋರುತ್ತಿದೆಯೇ ಎಂದು ಮುಳ್ಳು ಹೇಳುತ್ತದೆ. ಸೋರದಿದ್ದರೆ ಮೇಲೇಳಬೇಕು. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಇವರು ಬಗ್ಗಿ ನೋಡಿದರು. ಕರಿ ಬೊಟ್ಟು ಕಂಡಿತು. ನನ್ನ ಕಡೆ ಒಮ್ಮೆ ನೋಡಿದರು.

"ನನ್ನ ಕೈತಪ್ಪು, ಧಣಿ. ಬಳಿಯೂವಾಗ ಮಸಿ ಕುಂತದ. ಮಸಿ ಹಿಡಕೊಂಡು ಕರೆಂಟು ದಾಟ್ಯದ."

"ಮತ್ತ ನಿನ್ನ ಕೈನಾ? ಸಾಕಪ್ಪ. ಗಂಟು ಕಟ್ಟು."

ಇವರು ತಲೆ ತಗ್ಗಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಸೆರಗು ಬಿಗಿದು ಮುಂದೆ ಬಂದೆ.

"ಆ ಮಸಿ ನಂದ್ರೀ! ನಾ ಇಟ್ಟ ದೃಷ್ಟಿಬೊಟ್ಟು. ಅವರ ಕೈಗೆ ಹೆಸರಿಡಬ್ಯಾಡ್ರಿ. ಕೆರೆದು ನೋಡ್ರಿ, ಮುಳ್ಳು ಏಳಲಿಲ್ಲಂದ್ರ ನಾವ ಗಂಟು ಕಟ್ತೀವಿ."

ಆ ಅಂಚನ್ನು ಕೆರೆದು ಮತ್ತೆ ಅರಗು ಬಳಿದರು. ಒಣಗಿದ ಮೇಲೆ ಹಿಡಿ ತಿರುಗಿಸಿದ್ದೇ ತಡ, ಮುಳ್ಳು ಸರ್ರನೆ ಎದ್ದಿತು. ಧಣಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಶೀನಪ್ಪ, ನೀ ಇಲ್ಲೇ ಇರು. ಈಕೀನ್ನ ಮಾತ್ರ ಡೈನಮೊ ಹತ್ರ ಬಿಡಬ್ಯಾಡ!" ಮಿಲ್ಲಿಗೆ ಮಿಲ್ಲೇ ನಕ್ಕಿತು.

ಮನೆಗೆ ಬಂದವಳೇ ಹರಿಹಾಯ್ದೆ. "ಸುಳ್ಳ್ಯಾಕ ಹೇಳಿದ್ರಿ? ಕೆಲಸ ಹೋಗಿದ್ರ ಮಣ್ಣು ತಿಂತಿದ್ವೇನು?"

"ಕೆಲಸ ಇನ್ನೊಂದು ಕಡೆ ಸಿಗ್ತದ ಭೀಮಾ" ಎಂದರು ಮೆಲ್ಲಗೆ. "ಅಷ್ಟು ಮಂದಿ ನಿನ್ನ ನೋಡಿ ನಗೂದು ನನಗ ಬ್ಯಾಡಾಗಿತ್ತು."

ಜಗಳಕ್ಕೆಂದೇ ಸೊಂಟಕ್ಕೆ ಕೈಯಿಟ್ಟು ನಿಂತವಳು ನಾನು. ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ.